ಸರ್ವರ್‌ಗೆ ಅಜ್ಜಯ್ಯನ ಹೆಸರಿಟ್ಟ ವರ್ಷ

ನುಜತ್ ದಾವಣಗೆರೆಯ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ ದಿನ ಅವಳಪ್ಪ ಹಯಾತ್ ಸಾಬ್ ಹರಿಹರದ ತಮ್ಮ ಸೈಕಲ್ ರಿಪೇರಿ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಜೊತೆ ಬಸ್ಸಿನಲ್ಲಿ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಮಗಳ ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್.ವರೆಗಿನ ಮಾರ್ಕ್ಸ್ ಕಾರ್ಡುಗಳು, ಎಲ್ಲವೂ ಒರಿಜಿನಲ್. ನಮ್ಮ ಸಾಹುಕಾರ ತೋಟಪ್ಪನವರ ಪದ್ಧತಿ ಅದು. ಯಾರೇ ಸೇರಲಿ, ಒರಿಜಿನಲ್ ಮಾರ್ಕ್ಸ್ ಕಾರ್ಡು ಸೆಂಟರಿನ ಲಾಕರಿನಲ್ಲಿ ಇಡಬೇಕು. ಇಲ್ಲದಿದ್ದರೆ ಕೆಲಸ ಕಲಿತವರು ಪಕ್ಕದ ಬೀದಿಯ ಸೆಂಟರಿಗೆ ಹಾರಿಬಿಡುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಹಯಾತ್ ಸಾಬರಿಗೆ ಇದು ಬಂಧನವೆಂದು ಅನ್ನಿಸಲೇ ಇಲ್ಲ. ಕವರನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು.

"ಇಷ್ಟೇ ನೋಡ್ರಿ ಸಾವ್ಕಾರ್ರೆ ನನ್ನ ಆಸ್ತಿ. ಜ್ವಾಕಿ."

"ಬ್ಯಾಂಕಿನಾಗೆ ಇದ್ದಂಗೆ ಇರ್ತಾವೆ, ಚಿಂತಿ ಬ್ಯಾಡ," ಎಂದರು ತೋಟಪ್ಪ.

ಮಗಳ ಓದಿನ ಕಾಗದಗಳು ಕಬ್ಬಿಣದ ಲಾಕರಿನಲ್ಲಿ ಇಡುವಷ್ಟು ಬೆಲೆಬಾಳುತ್ತವೆ ಎಂದು ಅವರು ಹರಿಹರದಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದರಂತೆ.

ನಾನು ಅದೇ ಸೆಂಟರಿನಲ್ಲಿ ಟೈಪಿಂಗ್ ಮತ್ತು ಅಕೌಂಟ್ಸ್ ಹೇಳಿಕೊಡುತ್ತಿದ್ದೆ. ಹೆಸರು ಶಾಂತಕುಮಾರಿ, ಹೆಸರಿಗೂ ನನಗೂ ಸಂಬಂಧವಿಲ್ಲ ಎಂದು ಮನೆಯವರ ದೂರು. ನನ್ನ ಮಾರ್ಕ್ಸ್ ಕಾರ್ಡು ಕೇಳಿದಾಗ "ಇಲಿ ತಿಂದಾವೆ ಸರ್" ಎಂದು ಮುಖ ಬಾಡಿಸಿ ಹೇಳಿ ಪಾರಾಗಿದ್ದೆ. ನುಜತ್‌ಗೆ ಅಂಥ ಸುಳ್ಳು ಬಾಯಿಗೆ ಬರುವುದಿಲ್ಲ. ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನಮ್ಮ ಸೆಂಟರ್ ಪಿ.ಜೆ. ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ಮಹಡಿಯ ಮೇಲಿತ್ತು. ತೋಟಪ್ಪನವರದು ಮೂಲತಃ ಮಂಡಕ್ಕಿ ಭಟ್ಟಿ, ಎರಡು ಲಾರಿ. ಊರಿನವರೆಲ್ಲ ಕಂಪ್ಯೂಟರ್ ಎನ್ನತೊಡಗಿದಾಗ ತಾವೂ ಒಂದು ಸೆಂಟರ್ ತೆರೆದರು. ಕಡಿಮೆ ಬೆಲೆಗೆ ಸಿಕ್ಕವೆಂದು ಡಿಸ್ಕೇ ಇಲ್ಲದ ಕಂಪ್ಯೂಟರುಗಳನ್ನು ಸಾಲಾಗಿ ತಂದು ಕೂರಿಸಿದರು. ಅವುಗಳ ಹೊಟ್ಟೆಯಲ್ಲಿ ಏನೂ ಇಲ್ಲ. ಬೆಳಿಗ್ಗೆ ಸ್ವಿಚ್ ಒತ್ತಿದರೆ ಒಳಕೋಣೆಯ ಸರ್ವರ್ ಎಂಬ ದೊಡ್ಡ ಕಂಪ್ಯೂಟರನ್ನು ಹುಡುಕಿ, ತಮ್ಮ ಪಾಲಿನ ಮಾದರಿಯನ್ನು ಅದರಿಂದ ಇಳಿಸಿಕೊಂಡು, ಆಮೇಲೆ ಎದ್ದು ಕೂರುತ್ತವೆ. ಟೈಪಿಂಗ್ ಕಲಿಯುವ ಮಷಿನ್‌ಗೆ ಒಂದು ಮಾದರಿ, ಅಕೌಂಟ್ಸ್‌ಗೆ ಇನ್ನೊಂದು. ಬೆಲ್ಲದ ಅಚ್ಚಿನ ಹಾಗೆ ಎಂದು ನುಜತ್ ಒಮ್ಮೆ ವಿವರಿಸಿದ್ದಳು. ಅಲ್ಲಿಂದ ನಮಗೆಲ್ಲ ಅವು ಅಚ್ಚುಗಳೇ ಆದವು. ಅವನ್ನೆಲ್ಲ ಕೂತು ಮಾಡಿದವಳು ಅವಳು. ಮಷಿನ್ನುಗಳು ಬೇರೆ ಬೇರೆ ಕಂಪನಿಯವಾದ್ದರಿಂದ ಒಂದರ ಅಚ್ಚು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಪ್ರತಿಯೊಂದನ್ನೂ ತಿದ್ದಿ, ತೀಡಿ, ದಾರಿಗೆ ತಂದಿದ್ದಳು.

ಸರ್ವರ್ ಬಂದ ದಿನ ಅದನ್ನು ಕೂರಿಸಲು ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್ "ಇದಕ್ಕೊಂದು ಹೆಸರು ಕೊಡಬೇಕು, ಏನ್ ಕೊಡ್ಲಿ?" ಎಂದು ಕೇಳಿದ. ತೋಟಪ್ಪ ಫೋನಿನಲ್ಲಿ ಭತ್ತದ ದರ ಮಾತಾಡುತ್ತಿದ್ದರು. ಏನಾದ್ರೂ ಕೊಡಪ್ಪ ಎನ್ನುವಂತೆ ಕೈ ಆಡಿಸಿದರು. ಆತ ಪಕ್ಕದಲ್ಲಿ ನಿಂತಿದ್ದ ನುಜತ್‌ಳ ಹೆಸರು ಕೇಳಿ, ಅದನ್ನೇ ಬಡಿದು, ಕೈ ಒರೆಸಿಕೊಂಡು ಊಟಕ್ಕೆ ಎದ್ದ. ಅವಳು ನಕ್ಕಿದ್ದಳು. ಒಳಗೊಳಗೆ ಖುಷಿಯೂ ಆಗಿತ್ತು, ಅದನ್ನು ನಾನು ಕಂಡಿದ್ದೆ. ಆಮೇಲೆ ಅವಳು ಮಾಡಿದ ಪ್ರತಿ ಅಚ್ಚಿನೊಳಗೂ, ಮಿಕ್ಕ ಸಾಮಾನನ್ನು ಯಾವ ಸರ್ವರ್‌ನಿಂದ ತರಬೇಕು ಎಂದು ಬರೆಯುವ ಜಾಗದಲ್ಲಿ, ಆ ಹೆಸರು ಸೇರಿಕೊಂಡಿತು.

ತೊಂಬತ್ತೆಂಟರಲ್ಲಿ ಎರಡು ಸಂಗತಿ ಆದವು. ಮೊದಲನೆಯದು, ಹೈಸ್ಕೂಲು ವಿಜ್ಞಾನ ಶಿಕ್ಷಕಿಯ ಹುದ್ದೆಗೆ ನುಜತ್ ಹಾಕಿದ್ದ ಅರ್ಜಿಗೆ ಕರೆ ಬಂತು. ದಸರಾ ಕಳೆದ ಮೇಲಿನ ಒಂದು ಸೋಮವಾರ ಚಿತ್ರದುರ್ಗದ ಕಚೇರಿಯಲ್ಲಿ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ತೋರಿಸಬೇಕು. ತೋರಿಸಿದರೆ ಕೆಲಸ ಕೈಗೆ ಬಂದಂತೆ, ತೋರಿಸದಿದ್ದರೆ ಮುಂದಿನವರಿಗೆ. ಅವಳ ವಯಸ್ಸಿಗೆ ಅದು ಕೊನೆಯ ಅವಕಾಶ. ಆರ್ಡರು ಕೈಗೆ ಬಂದ ಮೇಲೆಯೇ ಮನೆಯಲ್ಲಿ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದಳು. ನನಗೆ ಮತ್ತು ತೋಟಪ್ಪನವರಿಗೆ ಮಾತ್ರ ಹೇಳಿದಳು.

"ಹಬ್ಬ ಮುಗೀಲವ್ವ, ಕೊಡ್ತೀನಿ. ನಿನ್ನ ಹೊಟ್ಟೆ ಮೇಲೆ ಹೊಡೀತೀನೇನು ನಾನು?" ಎಂದರು ಅವರು.

ಎರಡನೆಯದು, ತೋಟಪ್ಪನವರ ಮಗಳ ಹೆರಿಗೆ. ತಾಯಿ ಮಗು ಇಬ್ಬರದೂ ಜೀವ ಹೋಗಿ ಬಂದ ಹಾಗಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತೋಟಪ್ಪ ಉಕ್ಕಡಗಾತ್ರಿ ಕರಿಬಸವೇಶ್ವರನಿಗೆ, ನಮ್ಮ ಕಡೆಯವರ ಬಾಯಲ್ಲಿ ಅಜ್ಜಯ್ಯನಿಗೆ, ಹರಕೆ ಹೊತ್ತರು. ಇಬ್ಬರೂ ಉಳಿದು ಮನೆಗೆ ಬಂದರೆ ತಮ್ಮ ಹತ್ತಿರ ಇರುವ ಪ್ರತಿಯೊಂದು ಗಾಡಿಗೂ ಪ್ರತಿಯೊಂದು ಮಷಿನ್ನಿಗೂ ಅಜ್ಜಯ್ಯನ ಹೆಸರು. ಇಬ್ಬರೂ ಉಳಿದರು. ಪೇಂಟರ್ ಕರಿಯಣ್ಣನಿಗೆ ಕೈತುಂಬ ಕೆಲಸ ಸಿಕ್ಕಿತು. ಲಾರಿಗಳ ಹಣೆ, ಭಟ್ಟಿಯ ಗೋಡೆ, ಜನರೇಟರ್, ತೋಟಪ್ಪನವರ ಲೂನಾ, ಕಡೆಗೆ ನಮ್ಮ ಸರ್ವರಿನ ಡಬ್ಬದ ಮೇಲೂ ಹಳದಿ ಬಣ್ಣದಲ್ಲಿ ಹೆಸರು ಬಂತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ತೋಟಪ್ಪನವರ ತಂಗಿಯ ಮಗ ಬಕ್ಕೇಶ್ ನಮ್ಮ ಸೆಂಟರಿನ ಮ್ಯಾನೇಜರು. ಸೂಟಿಲ್ಲದಿದ್ದರೂ ಟೈ ಕಟ್ಟುವ ಗಿರಾಕಿ. ಆಯುಧ ಪೂಜೆಯ ದಿನ ಸರ್ವರಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಮೆಟ್ಟಿಲ ಬಾಯಲ್ಲಿ ಕುಂಬಳಕಾಯಿ ಒಡೆದಾದ ಮೇಲೆ ಅವನಿಗೆ ಜ್ಞಾನ ಉಕ್ಕಿತು.

"ಮಾಮ, ಬಣ್ಣದಾಗೆ ಬರೆದ್ರೆ ಆಗಲ್ಲ. ಇದರ ಖರೇ ಹೆಸರು ಒಳಗೈತೆ. ಅಲ್ಲಿ ಬ್ಯಾರೆ ಐತೆ."

"ಹಂಗಾದ್ರೆ ಒಳಗೂ ಬರಿ," ಎಂದರು ತೋಟಪ್ಪ.

ಬರೆದ. ನುಜತ್ ಅವತ್ತು ರಜೆಯಲ್ಲಿದ್ದಳು. ನಾನು ಅಲ್ಲೇ ಇದ್ದೆ, ಪ್ರಸಾದದ ಮಂಡಕ್ಕಿ ತಿನ್ನುತ್ತಿದ್ದೆ. ಹೆಸರು ಬದಲಾದರೆ ಏನಾಗುತ್ತದೆಂದು ನನಗೇನು ಗೊತ್ತು?

ಹಬ್ಬ ಕಳೆದು ಸೆಂಟರ್ ತೆರೆದ ಬೆಳಿಗ್ಗೆ ಒಂದು ಮಷಿನ್ನೂ ಏಳಲಿಲ್ಲ. ಎಲ್ಲದರ ಪರದೆಯ ಮೇಲೂ ಒಂದೇ ಸಾಲು ಬಂದು ನಿಂತಿತು. ವಿದ್ಯಾರ್ಥಿಗಳು ನಿಂತರು, ಕೂತರು, ಕೆಳಗೆ ಚಹಾಕ್ಕೆ ಹೋದರು. ಪರೀಕ್ಷೆ ಬೇರೆ ಹತ್ತಿರವಿತ್ತು. ಪೂಜೆಯ ತೆಂಗಿನಕಾಯಿ ನೀರು ವೈರಿನೊಳಗೆ ಇಳಿದಿರಬೇಕು ಎಂದು ನಾನು ನನ್ನ ತಿಳಿವಳಿಕೆ ಮೆರೆದೆ. ನುಜತ್ ಹಾರ ಎತ್ತಿಟ್ಟು, ಹೂವಿನ ಎಸಳು ಆಯ್ದು, ಪ್ರತಿ ವೈರನ್ನೂ ಕಿತ್ತು ಸಿಕ್ಕಿಸಿ ನೋಡಿದಳು. ವೈರುಗಳದೇನೂ ತಪ್ಪಿರಲಿಲ್ಲ. ಆಮೇಲೆ ಸರ್ವರಿನ ಮುಂದೆ ಕೂತು ಅಚ್ಚುಗಳ ಪಟ್ಟಿ ತೆರೆದಳು. ಒಂದೂ ಅಳಿದಿರಲಿಲ್ಲ, ಆದರೆ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿದ್ದವು. ಪ್ರತಿಯೊಂದರ ಎದುರಿಗೂ ಸಂಪರ್ಕ ತಪ್ಪಿದೆ ಎಂಬ ಇಂಗ್ಲಿಷ್ ಮಾತು.

"ಇಲ್ಲೇ ಅದಾವಲ್ಲೇ, ಮತ್ತೇನು ರೋಗ?" ಎಂದೆ.

"ಇಲ್ಲೇ ಅದಾವೆ ಅಕ್ಕ. ಆದ್ರೆ ತಾವು ಯಾರ ಮನೇಲಿ ಅದೀವಿ ಅನ್ನೋದೇ ಅವಕ್ಕೆ ಗೊತ್ತಾಗ್ವಲ್ದು."

ಇನ್ನೇನನ್ನೋ ತೆರೆದು ನೋಡಿದಳು. ಸರ್ವರಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕರಿಬಸವ ಎಂದಿತ್ತು. ಅವಳು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಕ್ಕೇಶನನ್ನು ಕೂಗಿ ಕೇಳಿದರೆ ಅವನು ಪದಕ ಸಿಕ್ಕವನ ಹಾಗೆ ಎಲ್ಲವನ್ನೂ ಬಣ್ಣಿಸಿದ. ಅಚ್ಚುಗಳು ಹಳೆಯ ಹೆಸರಿನ ಸರ್ವರನ್ನು ಹುಡುಕುತ್ತಿವೆ, ಆ ಹೆಸರಿನದು ಈಗ ಈ ಲೋಕದಲ್ಲೇ ಇಲ್ಲ ಎಂದು ಅವಳು ಬಿಡಿಸಿ ಹೇಳಿದಾಗ ಅವನ ಟೈ ಸ್ವಲ್ಪ ಸಡಿಲವಾಯಿತು. ಹುಬ್ಬಳ್ಳಿಗೆ ಫೋನ್ ಹಚ್ಚಿದ್ದಾಯಿತು. ಎಂಜಿನಿಯರು ನಕ್ಕು, "ಹಳೇ ಹೆಸರೇ ವಾಪಸ್ ಇಡ್ರಿ, ಒಂದು ನಿಮಿಷದ ಕೆಲಸ" ಎಂದು ಫೋನ್ ಇಟ್ಟುಬಿಟ್ಟ.

ನಾನು ಬಕ್ಕೇಶನ ಮುಖ ನೋಡಿದೆ, ಅವನು ನುಜತ್‌ಳದು ನೋಡಿದ, ಅವಳು ನೆಲ ನೋಡಿದಳು. ಅಜ್ಜಯ್ಯನ ಹೆಸರು ಅಳಿಸಿ ಆ ಜಾಗದಲ್ಲಿ ನುಜತ್ ಎಂದು ಬರೆಯಿರಿ ಎಂದು ಯಾರು ಬೇಕಾದರೂ ಹೇಳಬಹುದಿತ್ತು, ಅವಳೊಬ್ಬಳನ್ನು ಬಿಟ್ಟು. ಹರಿಹರದ ಸಾಬರ ಹುಡುಗಿ ಅವಳು. ಯಾರೂ ಏನೂ ಅನ್ನದೆ ಇರಬಹುದು. ಅಂದರೂ ಅನ್ನಬಹುದು.

ಹೇಳುವವಳು ನಾನೇ ಆದೆ. ಮಧ್ಯಾಹ್ನ ತೋಟಪ್ಪ ಬಂದಾಗ ನಾವಿಬ್ಬರೂ ಎದುರಿಗೆ ನಿಂತೆವು. "ಸರ್, ಡಬ್ಬದ ಮೇಲೆ ಅಜ್ಜಯ್ಯ ಹೆಂಗೂ ಅದಾನೆ. ಒಳಗೆ ಮೊದಲಿನ ಹೆಸರೇ ಇರ್ಲಿ ಬಿಡ್ರಿ" ಎಂದೆ.

"ಶಾಂತವ್ವ, ಮಾತು ಕೊಟ್ಟೀನಿ. ನನ್ನ ಮಗಳ ಜೀವ ಉಳಿಸ್ಯಾನ ಅಂವ. ಇಟ್ಟಿದ್ದನ್ನ ತೆಗೆದು, ಮತ್ತೆ ಆ ಜಾಗಕ್ಕೆ..." ಎಂದವರು ನುಜತ್ ಕಡೆ ನೋಡಿ ಮಾತು ನುಂಗಿದರು. ನುಂಗಿದ್ದಕ್ಕೆ ಅವರನ್ನು ಒಳ್ಳೆಯವರು ಅನ್ನಬೇಕೋ ಬೇಡವೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

"ಬ್ಯಾಡ ಸರ್. ಅಜ್ಜಯ್ಯನ ಹೆಸರೇ ಇರ್ಲಿ," ಎಂದಳು ನುಜತ್. "ನಮ್ಮ ಅಮ್ಮೀನೂ ನಂಗೆ ಹುಷಾರಿಲ್ಲದಾಗ ಅಲ್ಲಿಗೆ ನಡ್ಕೊಂಡೋಳೇ. ನಾನು ಒಂದೊಂದೇ ಅಚ್ಚು ಬಿಚ್ಚಿ ಸರಿ ಮಾಡ್ತೀನಿ. ಆದ್ರೆ ಸೋಮವಾರ ನಾನು ಚಿತ್ರದುರ್ಗಕ್ಕೆ ಹೋಗ್ಬೇಕು. ಮಾರ್ಕ್ಸ್ ಕಾರ್ಡು..."

"ಇದೊಂದು ದಾರಿಗೆ ಹಚ್ಚವ್ವ. ಹಚ್ಚಿದ ಕೂಡ್ಲೇ ನನ್ನ ಕೈಯಾರೆ ಕೊಡ್ತೀನಿ. ಅಜ್ಜಯ್ಯನ ಆಣಿ."

ಆಣೆ ಬೇರೆ. ನನಗೆ ಮೈಯೆಲ್ಲ ಉರಿಯಿತು. ಲಾಕರಿನ ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ಆಗಲೇ ತೆಗೆದುಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಅವಳು ತಲೆಯಾಡಿಸಿ ಒಳಗೆ ಹೋಗಿಬಿಟ್ಟಳು.

ಒಳಗೆ ಎಂದರೆ ಬಾಲ್ಕನಿಗೆ ಪ್ಲೈವುಡ್ ಹೊಡೆದು ಮಾಡಿದ ಗೂಡು. ಧೂಳು ಬೀಳಬಾರದೆಂದು ಕಿಟಕಿಗೆ ಮೊಳೆ ಜಡಿದಿದ್ದರು. ಬಾಗಿಲು ಉಬ್ಬಿಕೊಂಡು, ಹೊರಗಿನಿಂದ ಯಾರಾದರೂ ಒದ್ದರೆ ಮಾತ್ರ ತೆರೆಯುತ್ತಿತ್ತು. ಸರ್ವರಿನ ಬಿಸಿ, ಬಾಡಿದ ಚೆಂಡುಹೂವಿನ ವಾಸನೆ, ಅವಳು. ಒಂದೊಂದೇ ಅಚ್ಚು ತೆರೆಯುವುದು, ಒಳಗೆ ತನ್ನ ಹೆಸರು ಎಲ್ಲೆಲ್ಲಿದೆ ಎಂದು ಹುಡುಕುವುದು, ಅಳಿಸುವುದು, ಅಜ್ಜಯ್ಯನದು ಬರೆಯುವುದು. ಹೊರಗೆ ಆ ಮಷಿನ್ನಿನ ಎದುರಿಗೆ ನಾನು ಕೂತು, ಎದ್ದಿತು ಅಥವಾ ಇಲ್ಲ ಎಂದು ಕೂಗುವುದು. ಬಹಳ ಸಲ ಇಲ್ಲ ಎಂದೇ ಕೂಗುತ್ತಿದ್ದೆ. ಎಲ್ಲೋ ಒಂದು ಮೂಲೆಯಲ್ಲಿ ಹಳೆಯ ಹೆಸರು ಉಳಿದಿರುತ್ತಿತ್ತು. ನಡುವೆ ಕರೆಂಟು ಹೋದರೆ ಅರ್ಧ ತಿದ್ದಿದ ಅಚ್ಚು ಕೆಟ್ಟು ಕೂರುತ್ತಿತ್ತು, ಅದನ್ನು ಮೊದಲಿನಿಂದ ಮಾಡಬೇಕು. ಆ ವಾರ ಕರೆಂಟು ನಮ್ಮ ಮೇಲೆ ಹಗೆ ಸಾಧಿಸಿದ ಹಾಗೆ ಹೋಗುತ್ತಿತ್ತು.

"ಇದು ನಾನೇ ಕಟ್ಟಿಕೊಂಡಿದ್ದು ಅಕ್ಕ," ಎಂದಳು ಒಂದು ಮಧ್ಯಾಹ್ನ, ಡಬ್ಬಿಯ ಅನ್ನ ಮುಟ್ಟದೆ. "ಎಲ್ಲಿ ನೋಡಿದ್ರೂ ನನ್ನ ಹೆಸರು ತುರುಕಿಟ್ಟೀನಿ. ಈಗ ಅದನ್ನ ಕೀಳದೆ ನನಗೆ ಹೊರಗೆ ದಾರಿ ಇಲ್ಲ."

"ಬಿಟ್ಟು ಹೋಗೇ. ಪೊಲೀಸ್ ಸ್ಟೇಷನ್ನಿಗೆ ನಾನು ಬರ್ತೀನಿ, ಕಂಪ್ಲೇಂಟ್ ಕೊಡಾಣ."

"ಅಬ್ಬಾ ಕೈಯಾರೆ ಕೊಟ್ಟಿದ್ದಕ್ಕೆ ಏನಂತ ಕಂಪ್ಲೇಂಟ್ ಕೊಡ್ಲಿ?"

ಸಂಜೆ ಅವಳು ಹರಿಹರದ ಬಸ್ಸು ಹತ್ತಿದರೆ ಬಾತಿ ದಾಟುವ ಮೊದಲೇ ನಿದ್ದೆ ಹೋಗುತ್ತಿದ್ದಳಂತೆ. ಕಂಡಕ್ಟರ್ ಎಬ್ಬಿಸಿ ಇಳಿಸುತ್ತಿದ್ದನಂತೆ. ಮನೆಯಲ್ಲಿ ತಾಯಿ ಮಾಬೂಬೀ ಕಣ್ಣೇಕೆ ಕೆಂಪಗಿವೆ ಎಂದರೆ ಪರೀಕ್ಷೆಯ ಕೆಲಸ ಎನ್ನುತ್ತಿದ್ದಳು.

ಭಾನುವಾರ ಸಂಜೆಗೆ ಕೊನೆಯ ಮಷಿನ್ನೂ ಎದ್ದಿತು. ಪಟ್ಟಿಯಲ್ಲಿ ಒಂದೂ ಬೂದು ಉಳಿಯಲಿಲ್ಲ. ಬಕ್ಕೇಶ್ ಸಿಹಿ ತರುತ್ತೇನೆಂದು ಕೆಳಗೆ ಓಡಿದ. ತೋಟಪ್ಪ ಹೊನ್ನಾಳಿಯಲ್ಲಿ ಯಾವುದೋ ಮದುವೆಗೆ ಹೋಗಿದ್ದರು. ಛತ್ರದ ಫೋನಿಗೆ ಕರೆಸಿ ಸುದ್ದಿ ಹೇಳಿದೆವು. ಆ ಕಡೆಯಿಂದ ಅವರ ಧ್ವನಿ ತುಂಬಿ ಬಂತು. "ಅಜ್ಜಯ್ಯನ ಹೆಸರಿನಾಗೇ ನಡೀತಲ್ಲವ್ವ! ನಾಳೆ ಬೆಳಿಗ್ಗೆ ಮನೀಗೆ ಬಾ, ಕೂಡೇ ಸೆಂಟರಿಗೆ ಹೋಗಿ ಕಾರ್ಡು ತೆಗೆದುಕೊಡ್ತೀನಿ."

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಅವಳು ನನ್ನನ್ನೂ ಕರೆದುಕೊಂಡು ತೋಟಪ್ಪನವರ ಮನೆಗೆ ಹೋದಳು. ಅವರ ಹೆಂಡತಿ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು.

"ನಸುಕಿನಾಗೇ ಉಕ್ಕಡಗಾತ್ರಿಗೆ ಹೋದ್ರಲ್ಲವ್ವ. ಮಷಿನ್ನು ಶುರುವಾತಲ್ಲ, ಸೋಮವಾರ ಬ್ಯಾರೆ, ಅಜ್ಜಯ್ಯಗೆ ಕಾಯಿ ಒಡಸಿ ಬರ್ತೀನಿ ಅಂದ್ರು. ಬೀಗದ ಕೈ? ಅದು ಅವರ ಸೊಂಟ ಬಿಟ್ಟು ಇಳಿಯಂಗಿಲ್ಲ ನೋಡು. ಬರ್ರಿ, ಕೂಡ್ರಿ, ಚಾ ಮಾಡ್ತೀನಿ."

ನುಜತ್ ಕೂರಲಿಲ್ಲ. ಕೈಚೀಲದಲ್ಲಿ ಜೆರಾಕ್ಸ್ ಪ್ರತಿಗಳಿದ್ದವು. "ಇವನ್ನ ತೋರಿಸಿ ಸಂಜೆ ಮಟ ಟೈಮ್ ಕೇಳ್ತೀನಿ ಅಕ್ಕ. ನೀವು ಇಲ್ಲೇ ಇರ್ರಿ. ಅವರು ಬಂದ ಕೂಡ್ಲೇ ಇಸ್ಕೊಂಡು ಬರ್ರಿ," ಎಂದು ಚಿತ್ರದುರ್ಗದ ಬಸ್ಸಿಗೆ ಓಡಿದಳು.

ನಾನು ಅವರ ಕಟ್ಟೆಯ ಮೇಲೆ ಕೂತೆ. ಚಹಾ ಬಂತು, ಉಪ್ಪಿಟ್ಟು ಬಂತು, ಬಿಸಿಲು ಬಂತು, ತೋಟಪ್ಪ ಬರಲಿಲ್ಲ. ಹೊತ್ತು ಇಳಿದಾಗ ಹಣೆ ತುಂಬ ವಿಭೂತಿ, ಕೈಯಲ್ಲಿ ಪ್ರಸಾದದ ಪೊಟ್ಟಣ ಹಿಡಿದು ಬಂದು, ನಗುತ್ತ "ತಗಾ ಶಾಂತವ್ವ, ನುಜತ್‌ಗೂ ಐತೆ" ಎಂದರು. ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ಅಂದದ್ದಕ್ಕೆ ಪಶ್ಚಾತ್ತಾಪವಂತೂ ಇಲ್ಲ. ಅವರ ಮುಖದ ಬಣ್ಣವೇ ಇಳಿದುಹೋಯಿತು. "ಇವತ್ತೇನು? ಮುಂದಿನ ಸೋಮವಾರ ಅಲ್ಲೇನು?" ಎನ್ನುತ್ತ ಸೆಂಟರಿಗೆ ಓಡಿ ಬಂದು ಲಾಕರ್ ತೆಗೆದರು. ಬೇಕೆಂದೇ ಮಾಡಿದರು ಎಂದು ನಾನು ಇವತ್ತಿಗೂ ಅನ್ನುತ್ತೇನೆ, ಇಲ್ಲ ಎಂದು ನುಜತ್ ಅನ್ನುತ್ತಾಳೆ.

ಬಕ್ಕೇಶ್ ಬೈಕು ತಂದ. ಜನ್ಮದಲ್ಲಿ ಅಷ್ಟು ಜೋರಾಗಿ ಅವನು ಓಡಿಸಿರಲಿಕ್ಕಿಲ್ಲ. ಕವರನ್ನು ಎದೆಗೆ ಅವುಚಿಕೊಂಡು ನಾನು ಹಿಂದೆ ಕೂತಿದ್ದೆ. ನಾವು ತಲುಪುವಾಗ ಚಿತ್ರದುರ್ಗದ ಆ ಕಚೇರಿಯ ಬಾಗಿಲಿಗೆ ಜವಾನ ಬೀಗ ಹಾಕುತ್ತಿದ್ದ. ನುಜತ್ ಮೆಟ್ಟಿಲ ಮೇಲೆ ಕೂತಿದ್ದಳು.

"ಕಾಯ್ದರು ಅಕ್ಕ. ಪಾಪ, ಕಡೇವರೆಗೂ ನನ್ನ ಹೆಸರು ಬದಿಗಿಟ್ಟು ಕಾಯ್ದರು. ಆಮೇಲೆ ಮುಂದಿನ ಹೆಸರು ಕರೆದರು. ಆ ಹುಡುಗಿ ಇಲ್ಲೇ ನಿಂತಿದ್ಲು."

ಕವರ್ ಅವಳ ಕೈಗೆ ಕೊಟ್ಟೆ. ಒಂದೊಂದೇ ಕಾರ್ಡು ತೆಗೆದು, ಎಲ್ಲ ಇವೆಯೇ ಎಂದು ನೋಡಿ, ಸೆರಗಿನಿಂದ ಒರೆಸಿ ಮತ್ತೆ ಒಳಗಿಟ್ಟಳು. ಅಳಲಿಲ್ಲ. ಅತ್ತವಳು ನಾನು, ಅದೂ ಸಿಟ್ಟಿಗೆ. ಬಕ್ಕೇಶ್ ರಸ್ತೆಯ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತಿದ್ದ.

ಅವಳು ಎದ್ದು ಕವರನ್ನು ನನ್ನ ಕೈಗೇ ವಾಪಸ್ ಇಟ್ಟಳು. "ಇದನ್ನ ಲಾಕರ್‌ನಾಗೇ ಇಟ್ಟುಬಿಡ್ರಿ."

"ಹುಚ್ಚು ಹಿಡೀತೇನೆ ನಿನಗೆ? ಈಗಾದ್ರೂ ಮನೀಗೆ ಒಯ್ಯಿ."

"ಎರಡು ಕೋಣೆ ಮನೆ ಅಕ್ಕ, ಎಲ್ಲಿ ಮುಚ್ಚಿಡ್ಲಿ? ಯಾಕ ತಂದಿ ಅಂತ ಅಬ್ಬಾ ಕೇಳ್ತಾರೆ. ನೀವು ಅವತ್ತು ಕೈಯಾರೆ ಕೊಟ್ರಲ್ಲ, ಅದಕ್ಕೇ ಕೆಲಸ ಹೋಯ್ತು ಅಂತ ನಾನು ಹೆಂಗೆ ಹೇಳ್ಲಿ? ಅವರು ತಡ್ಕೊಳ್ಳಂಗಿಲ್ಲ."

ಲಾಕರಿಗೇ ಹೋಯಿತು. ಮನೆಯಲ್ಲಿ ಅವಳು ಏನೂ ಹೇಳಲಿಲ್ಲ. ಮುಂದಿನ ವಾರ ತೋಟಪ್ಪ ಸೊಂಟದಿಂದ ಬೀಗದ ಕೈ ಬಿಚ್ಚಿ ಅವಳ ಮೇಜಿನ ಮೇಲಿಟ್ಟರು. "ಇನ್ನು ಮ್ಯಾಲೆ ಇದು ನಿನ್ನ ಹತ್ರಾನೇ ಇರ್ಲವ್ವ" ಎಂದು, ಮುಖ ನೋಡದೆ ಇಳಿದು ಹೋದರು. ಕ್ಷಮೆ ಕೇಳುವುದು ಅವರಿಗೆ ಬರುತ್ತಿದ್ದದ್ದು ಅಷ್ಟೇ. ಸಂಬಳವನ್ನೂ ಏರಿಸಿದರು. ಹಯಾತ್ ಸಾಬರು ಆ ಸಂತೋಷಕ್ಕೆ ಅಂಗಡಿಯಲ್ಲಿ ಬಂದವರಿಗೆಲ್ಲ ಚಹಾ ಕುಡಿಸಿದರಂತೆ. ಮಗಳಿಗೆ ಲಾಕರಿನ ಬೀಗದ ಕೈಯನ್ನೇ ಕೊಟ್ಟಿದ್ದಾರೆ, ಅಷ್ಟು ನಂಬಿಕೆ ಎಂದರಂತೆ.

ಅವಳು ದಿನಾ ಬಂದಳು. ಉಬ್ಬಿದ ಬಾಗಿಲನ್ನು ನಾನು ಒದ್ದು ತೆರೆದರೆ ಒಳಗೆ ಹೋಗುವಳು, ಸಂಜೆ ಹೊರಗೆ ಬರುವಳು. ಅಚ್ಚುಗಳು ಮತ್ತೆಂದೂ ಕೆಡಲಿಲ್ಲ. ಲಾಕರಿನ ಹತ್ತಿರ ಅವಳು ಹೋದದ್ದನ್ನು ನಾನು ನೋಡಲಿಲ್ಲ.

ತೊಂಬತ್ತೊಂಬತ್ತರ ಕೊನೆಗೆ ಕೆಲಸ ಜಾಸ್ತಿಯಾಗಿ ರಶ್ಮಿತಾ ಎಂಬ ಹುಡುಗಿಯನ್ನು ತೆಗೆದುಕೊಂಡರು. ಸೇರುವ ದಿನ ಅವಳ ತಂದೆಯೂ ಜೊತೆಗೆ ಬಂದರು. ಬಾತಿ ಕಡೆಯವರು, ಹೊಸ ಟವಲು ಹೆಗಲ ಮೇಲೆ. ತೋಟಪ್ಪ ಊರಲ್ಲಿರಲಿಲ್ಲವಾದ್ದರಿಂದ ನುಜತ್‌ಳ ಮೇಜಿನ ಮುಂದೆಯೇ ಕೂತರು. ಪ್ಲಾಸ್ಟಿಕ್ ಕವರನ್ನು ಎರಡೂ ಕೈಯಿಂದ ಅವಳ ಮುಂದೆ ಇಟ್ಟರು.

"ಒರಿಜಿನಲ್ ಎಲ್ಲಾ ತಂದೀವ್ರಿ ಮೇಡಮ್. ಸಾವ್ಕಾರ್ರು ಹೇಳಿದ್ರು.  ಜ್ವಾಕಿ ಮಾಡ್ರಿ."

ನುಜತ್ ಆ ಕವರನ್ನು ನೋಡಿದಳು. ಆಮೇಲೆ ಅದನ್ನು ಅವರ ಕಡೆಗೆ ಸರಿಸಿದಳು.

"ಜೆರಾಕ್ಸ್ ಸಾಕು ಕಾಕಾ. ಇವನ್ನ ಮನೀಗೆ ಒಯ್ರಿ."

ಅವರಿಗೆ ಅವಮಾನವಾದಂತಾಯಿತು. "ಯಾಕ್ರೀ, ಲಾಕರ್‌ನಾಗೆ ಇಡ್ತಾರೆ ಅಂದಿದ್ರಲ್ಲ?"

"ಜಾಗ ಇಲ್ಲ ಕಾಕಾ. ಲಾಕರ್ ತುಂಬೈತೆ," ಎಂದಳು ನುಜತ್.

ಅವರು ಕವರನ್ನು ಟವಲಿನಲ್ಲಿ ಸುತ್ತಿಕೊಂಡು, ಮಗಳಿಗೆ ಬುದ್ಧಿಮಾತು ಹೇಳಿ ಮೆಟ್ಟಿಲು ಇಳಿದರು. ಆ ಲಾಕರಿನಲ್ಲಿ ಇದ್ದದ್ದು ಒಂದೇ ಒಂದು ಕವರ್. ಅದನ್ನು ಅಲ್ಲಿಟ್ಟವಳು ನಾನೇ.